ಫರ್ಮಾ ಎಡವಿದ ಸಂಖ್ಯೆ: 4294967297

429 ಕೋಟಿ 49 ಲಕ್ಷ 67 ಸಾವಿರದ 297. ಎರಡರ 32ನೇ ಘಾತಕ್ಕೆ ಒಂದು ಕೂಡಿಸಿದರೆ ಬರುವ ಈ ಸಂಖ್ಯೆ ಅವಿಭಾಜ್ಯವೆಂದು ಫ್ರೆಂಚ್ ಗಣಿತಜ್ಞ ಪಿಯೇರ್ ಫರ್ಮಾ 1640ರಲ್ಲಿ ನಂಬಿದ್ದರು. ಎರಡರ ಘಾತವನ್ನು 1, 2, 4, 8, 16 ಎಂದು ಇಮ್ಮಡಿಸುತ್ತ ಒಂದು ಕೂಡಿಸಿದರೆ 3, 5, 17, 257, 65537 ಸಿಗುತ್ತವೆ. ಐದೂ ಅವಿಭಾಜ್ಯ. ಮುಂದಿನವೂ ಹಾಗೇ ಇರಬೇಕೆಂಬುದು ಅವರ ಊಹೆ. ಅದಕ್ಕೆ ಪುರಾವೆ ಸಿಕ್ಕಿಲ್ಲವೆಂದು ಅವರೇ ಒಪ್ಪಿಕೊಂಡಿದ್ದರು.

1729ರ ಡಿಸೆಂಬರ್‌ನಲ್ಲಿ ಗಣಿತಜ್ಞ ಗೋಲ್ಡ್‌ಬಾಕ್ ಇದನ್ನು ಮತ್ತೊಬ್ಬ ಗಣಿತಜ್ಞ ಆಯ್ಲರ್ ಗಮನಕ್ಕೆ ತಂದರು. 1732ರಲ್ಲಿ ಆಯ್ಲರ್ ಉತ್ತರ ಕೊಟ್ಟರು: 641 × 6700417.

ಹುಡುಕುವುದು ಹೇಗೆ? ಈ ಸಂಖ್ಯೆಯ ವರ್ಗಮೂಲ 65536ಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಅಲ್ಲಿಯವರೆಗೆ 6542 ಅವಿಭಾಜ್ಯಗಳಿವೆ. ಆದರೆ ಎಲ್ಲವನ್ನೂ ಪರೀಕ್ಷಿಸಬೇಕಿಲ್ಲ. ಒಂದು ಅವಿಭಾಜ್ಯ ಇದನ್ನು ಭಾಗಿಸುತ್ತದೆಂದರೆ, ಅದರಿಂದ ಭಾಗಿಸಿದಾಗ ಎರಡರ 32ನೇ ಘಾತದ ಶೇಷ −1 (ಅಂದರೆ ಪೂರ್ತಿ ಭಾಗವಾಗಲು ಒಂದು ಕಡಿಮೆ), ಅದರ ವರ್ಗವಾದ 64ನೇ ಘಾತದ ಶೇಷ 1. ಅಂದರೆ ಎರಡರ ಘಾತಗಳ ಶೇಷಗಳು ಸರಿಯಾಗಿ 64 ಹೆಜ್ಜೆಗೊಮ್ಮೆ ಮರುಕಳಿಸುತ್ತವೆ. ಈ ಆವರ್ತನೆ ಆ ಅವಿಭಾಜ್ಯಕ್ಕಿಂತ ಒಂದು ಕಡಿಮೆ ಇರುವ ಸಂಖ್ಯೆಯನ್ನು ಭಾಗಿಸಲೇಬೇಕು. ಹಾಗಾಗಿ 64ರಿಂದ ಭಾಗಿಸಿದರೆ 1 ಉಳಿಯುವ ಅವಿಭಾಜ್ಯಗಳಷ್ಟೇ ಸಾಕು: 193, 257, 449, 577, 641. ಐದನೇ ಪ್ರಯತ್ನಕ್ಕೇ ಭಾಜಕ ಸಿಕ್ಕಿತು! ಬೇಸರದ ಸಂಗತಿಯೆಂದರೆ, ಈ ಜರಡಿಗೆ ಬೇಕಾದ ಪ್ರಮೇಯ ಫರ್ಮಾ ಅವರದ್ದೇ. ಅದನ್ನೂ ಅವರು 1640ರಲ್ಲೇ ಪತ್ರವೊಂದರಲ್ಲಿ ತಿಳಿಸಿದ್ದರು.

ದೊಡ್ಡ ಭಾಗಾಕಾರ ಮಾಡದೆಯೂ ತಾಳೆ ನೋಡಬಹುದು. 641 ಎಂದರೆ 5 × 128 + 1. ಹಾಗೆಯೇ 625 + 16. ಮೊದಲನೆಯದರಿಂದ 5 × 128ರ ಶೇಷ −1. ಅದನ್ನು ನಾಲ್ಕನೇ ಘಾತಕ್ಕೇರಿಸಿದರೆ, 625ನ್ನು ಎರಡರ 28ನೇ ಘಾತದಿಂದ ಗುಣಿಸಿದ್ದರ ಶೇಷ 1. ಎರಡನೆಯದರಿಂದ 625ರ ಜಾಗಕ್ಕೆ −16 ಬರುತ್ತದೆ. ಹದಿನಾರು ಎಂದರೆ ಎರಡರ ನಾಲ್ಕನೇ ಘಾತ. ಆದ್ದರಿಂದ ಎರಡರ 32ನೇ ಘಾತದ ಶೇಷ −1. ಒಂದು ಕೂಡಿಸಿದರೆ ಸೊನ್ನೆ.

ಇಲ್ಲೊಂದು ಬಲೆಯೂ ಇದೆ. ಸಂಖ್ಯೆ ಅವಿಭಾಜ್ಯವಾದರೆ, ಅದರಿಂದ ಭಾಗವಾಗದ ಒಂದು ಆಧಾರವನ್ನು ಸಂಖ್ಯೆಗಿಂತ ಒಂದು ಕಡಿಮೆಯ ಘಾತಕ್ಕೇರಿಸಿದಾಗ ಶೇಷ 1 ಬರಲೇಬೇಕು; ಇದನ್ನು ನೋಡುವುದೇ ಫರ್ಮಾ ಪರೀಕ್ಷೆ. ಎರಡನ್ನು ಆಧಾರವಾಗಿಟ್ಟು ಫರ್ಮಾ ಪರೀಕ್ಷೆ ನಡೆಸಿದರೆ ಈ ಸಂಖ್ಯೆ ಅವಿಭಾಜ್ಯದಂತೆಯೇ ಪಾಸಾಗುತ್ತದೆ, ಏಕೆಂದರೆ 64ರ ಆವರ್ತನೆ ಎರಡರ 32ನೇ ಘಾತವನ್ನು ಶೇಷವಿಲ್ಲದೆ ಭಾಗಿಸುತ್ತದೆ. ಆಧಾರ ಮೂರಾದರೆ ಗುಟ್ಟು ರಟ್ಟಾಗುತ್ತದೆ. 1877ರ ಪೆಪಾಂ ಪರೀಕ್ಷೆಯ ಕ್ರಮವೂ ಇದೇ: ಮೂರನ್ನು 31 ಸಲ ವರ್ಗ ಮಾಡುತ್ತ ಪ್ರತಿ ಸಲ ಶೇಷವನ್ನಷ್ಟೇ ಉಳಿಸಿಕೊಳ್ಳಬೇಕು, ಕೊನೆಗೆ −1 ಬಾರದಿದ್ದರೆ ಸಂಖ್ಯೆ ವಿಭಾಜ್ಯ. ಭಾಜಕ ಯಾವುದೆಂದು ಮಾತ್ರ ಅದು ಹೇಳುವುದಿಲ್ಲ.

ಸಾಲಿನ ಮುಂದಿನ ಸಂಖ್ಯೆಯನ್ನು, ಅಂದರೆ ಎರಡರ 64ನೇ ಘಾತಕ್ಕೆ ಒಂದು ಕೂಡಿಸಿದ್ದನ್ನು, 1880ರಲ್ಲಿ ಗಣಿತಜ್ಞ ಲಾಂದ್ರಿ ಒಡೆದರು: 274177 × 67280421310721. ಅದರ ಮುಂದಿನದಕ್ಕೆ 1970ರವರೆಗೆ ಕಾಯಬೇಕಾಯಿತು. 65537ರ ನಂತರ ಈ ಸಾಲಿನಲ್ಲಿ ಒಂದೇ ಒಂದು ಅವಿಭಾಜ್ಯವೂ ಇದುವರೆಗೆ ಸಿಕ್ಕಿಲ್ಲ.