ಮಾನಸಿಕ ಕಾಯಿಲೆ ಮತ್ತು ಎಚ್‌ಐವಿ: ಎರಡು ವಿಭಾಗಗಳ ನಡುವೆ ಸಿಕ್ಕಿಕೊಂಡವರು

ಸ್ಕಿಜೋಫ್ರೇನಿಯಾ, ಬೈಪೋಲಾರ್‌ನಂಥ ದೀರ್ಘಕಾಲದ ಮಾನಸಿಕ ಕಾಯಿಲೆ ಇರುವವರಲ್ಲಿ ಎಚ್‌ಐವಿ ಸೋಂಕು ಹೆಚ್ಚು ಎಂದು ಹಲವು ದೇಶಗಳ ಅಧ್ಯಯನಗಳು ಹೇಳುತ್ತ ಬಂದಿವೆ. ಯಾಕೆ ಹೆಚ್ಚು ಎಂದರೆ ಮಾತ್ರ ಒಬ್ಬೊಬ್ಬರದು ಒಂದೊಂದು ಉತ್ತರ. ಕಾಯಿಲೆಯೇ ಕಾರಣ ಅನ್ನುವವರಿದ್ದಾರೆ, ಮಾದಕ ವಸ್ತು ಅನ್ನುವವರಿದ್ದಾರೆ, ಬಡತನ ಅನ್ನುವವರೂ ಇದ್ದಾರೆ.

1950ರ ದಶಕದಲ್ಲಿ ಮನೋರೋಗದ ಲಕ್ಷಣಗಳನ್ನು ಹತೋಟಿಗೆ ತರುವ ಔಷಧ ಕ್ಲೋರ್‌ಪ್ರೊಮಜೀನ್ ಬಂತು. ಮುಂದಿನ ಮೂರು ದಶಕಗಳಲ್ಲಿ ಅಮೆರಿಕದ ದೊಡ್ಡ ಮಾನಸಿಕ ಆಸ್ಪತ್ರೆಗಳು ಬರಿದಾದವು. ಹೊರಬಂದವರಿಗೆ ಸಿಗಬೇಕಿದ್ದ ಆಸರೆ ಸಿಗಲಿಲ್ಲ. 1981ರಲ್ಲಿ ಏಡ್ಸ್‌ನ ಮೊದಲ ವರದಿ ಬರುವ ಹೊತ್ತಿಗೆ ಅವರಲ್ಲಿ ಎಷ್ಟೋ ಜನ ಬೀದಿಪಾಲಾಗಿದ್ದರು.

1985ರಲ್ಲಿ ಸೋಂಕು ಪತ್ತೆಹಚ್ಚುವ ರಕ್ತಪರೀಕ್ಷೆ ಬಂದರೂ ಮನೋರೋಗಿಗಳನ್ನು ವಿಚಾರಿಸುವ ಗೋಜಿಗೆ ಹೋದವರು ಕಡಿಮೆ. ಅವರಿಗೆ ಲೈಂಗಿಕ ಬದುಕೇ ಇಲ್ಲವೆಂಬ ನಂಬಿಕೆ ಅಷ್ಟು ಗಟ್ಟಿಯಾಗಿತ್ತು. 1990ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಮನೋರೋಗ ವಾರ್ಡುಗಳಿಂದ ಬಂದ, ಹೆಸರಿಲ್ಲದ ರಕ್ತದ ಮಾದರಿಗಳನ್ನು ಪರೀಕ್ಷಿಸಿದಾಗ ಒಂದು ಅಧ್ಯಯನದಲ್ಲಿ ಶೇ 5.5ರಷ್ಟು ಮಂದಿಗೆ ಸೋಂಕಿತ್ತು. 2001ರಲ್ಲಿ ಪ್ರಕಟವಾದ, ಅಮೆರಿಕದ ನಾಲ್ಕು ರಾಜ್ಯಗಳ ಅಧ್ಯಯನದಲ್ಲಿ ಶೇ 3.1, ಆ ದೇಶದ ಸಾಮಾನ್ಯ ಜನರಿಗಿಂತ ಸುಮಾರು ಎಂಟು ಪಟ್ಟು.

ಈ ಅಂಕಿಗಳ ಹಿಂದಿನ ಬದುಕನ್ನು ನೋಡಬೇಕು. ರಾತ್ರಿ ಮಲಗಲು ಜಾಗ ಸಿಗಲಿ ಎಂದು, ಸಿಗರೇಟು ಸಿಗಲಿ ಎಂದು ದೇಹ ಒಪ್ಪಿಸಿದವರಿದ್ದರು. ಬೇಡ ಅನ್ನುವ ಸ್ಥಿತಿಯಲ್ಲೇ ಇಲ್ಲದ ಹೆಂಗಸರಿದ್ದರು. ಸೂಜಿ ಹಂಚಿಕೊಂಡವರಿದ್ದರು. ಇದನ್ನೆಲ್ಲ 'ರೋಗಿಯ ವರ್ತನೆ' ಎಂದು ಬರೆದು ಮುಗಿಸುವುದು ನ್ಯಾಯವಲ್ಲ.

1990ರ ದಶಕದಲ್ಲೇ ನ್ಯೂಯಾರ್ಕಿನ ಒಂದು ಆಶ್ರಯತಾಣದಲ್ಲಿ ಮಾನಸಿಕ ಕಾಯಿಲೆಯಿದ್ದ ಗಂಡಸರ ಜೊತೆ ಪಾಠದ ಬದಲು ಆಟ ಆಡಿಸಿದರು, ಅಭಿನಯ ಮಾಡಿಸಿದರು, ಕಾಂಡೋಮ್ ಬಳಸುವುದನ್ನು ಕೈಯಾರೆ ಮಾಡಿ ಕಲಿಸಿದರು. ಅಸುರಕ್ಷಿತ ಸಂಪರ್ಕ ಕಣ್ಣಿಗೆ ಕಾಣುವಷ್ಟು ಇಳಿಯಿತು. ತಿಂಗಳುಗಳು ಕಳೆದಂತೆ ಪರಿಣಾಮ ಮಾಸಿತು ಎಂಬುದೂ ನಿಜ. ಆದರೆ ಇವರಿಗೆ ಕಲಿಸಲಾಗದು ಎಂಬ ವಾದ ಅಲ್ಲಿಗೇ ಬಿದ್ದುಹೋಗಬೇಕಿತ್ತು.

1996ರ ನಂತರ ಹಲವು ಎಚ್‌ಐವಿ ಔಷಧಗಳನ್ನು ಒಟ್ಟಿಗೆ ಕೊಡುವ ಪರಿಣಾಮಕಾರಿ ಸಂಯುಕ್ತ ಚಿಕಿತ್ಸೆ ಬಂತು. ಆಗ ಹೊಸ ತಕರಾರು: ಇವರು ಮಾತ್ರೆಯನ್ನು ಸರಿಯಾಗಿ ನುಂಗುವುದಿಲ್ಲ. ಮನೋವೈದ್ಯರ ಬಳಿ ತಪ್ಪದೆ ಹೋಗುವವರು ಎಚ್‌ಐವಿ ಮಾತ್ರೆಯನ್ನೂ ಚೆನ್ನಾಗಿ ನುಂಗುತ್ತಾರೆಂದು ಮುಂದೆ ಹಲವು ಅಧ್ಯಯನಗಳು ತೋರಿಸಿದವು. ನಿಜವಾದ ತೊಡಕು ಔಷಧಗಳ ನಡುವೆ ಇತ್ತು. ಎಚ್‌ಐವಿ ಔಷಧ ಎಫಾವಿರೆಂಜ್ ದುಃಸ್ವಪ್ನ, ಖಿನ್ನತೆ ತರಬಲ್ಲದು. ಮನಃಸ್ಥಿತಿಯ ಏರಿಳಿತಕ್ಕೆ ಕೊಡುವ ಕಾರ್ಬಮಜೆಪಿನ್, ಎಚ್‌ಐವಿ ಔಷಧಗಳಲ್ಲಿ ಹಲವನ್ನು ರಕ್ತದಲ್ಲಿ ಕಡಿಮೆ ಮಾಡಿಬಿಡುತ್ತದೆ. ಸ್ಕಿಜೋಫ್ರೇನಿಯಾಕ್ಕೆ ಕೊಡುವ ಕ್ಲೋಜಪಿನ್ ಮತ್ತು ಎಚ್‌ಐವಿಗೆ ಕೊಡುವ ಜಿಡೊವುಡಿನ್ ಎರಡೂ ಬಿಳಿ ರಕ್ತಕಣಗಳಿಗೆ ಪೆಟ್ಟು ಕೊಡಬಲ್ಲವು. ಒಬ್ಬ ವೈದ್ಯರ ಚೀಟಿಯನ್ನು ಇನ್ನೊಬ್ಬರು ನೋಡದಿದ್ದರೆ ಪೆಟ್ಟು ರೋಗಿಗೆ.

2012ರಲ್ಲಿ ಅಮೆರಿಕ ಸೋಂಕು ತಡೆಯುವ ದೈನಂದಿನ ಮಾತ್ರೆಗೆ ಒಪ್ಪಿಗೆ ಕೊಟ್ಟಿತು. 2021ರಲ್ಲಿ ಎರಡು ತಿಂಗಳಿಗೊಮ್ಮೆ ಕೊಡುವ ಕ್ಯಾಬೊಟೆಗ್ರಾವಿರ್ ಚುಚ್ಚುಮದ್ದಿಗೆ. ಕಾರ್ಬಮಜೆಪಿನ್ ತೆಗೆದುಕೊಳ್ಳುವವರಿಗೆ ಈ ಚುಚ್ಚುಮದ್ದು ಆಗದು. ಉಳಿದವರ ವಿಷಯದಲ್ಲಿ ದಾರಿ ಸಿದ್ಧವಾಗಿಯೇ ಇದೆ: ಮನೋವೈದ್ಯಕೀಯ ಕ್ಲಿನಿಕ್ಕುಗಳಲ್ಲಿ ವಾರಗಟ್ಟಲೆ ಕೆಲಸ ಮಾಡುವ, ಮಾನಸಿಕ ಕಾಯಿಲೆಯ ದೀರ್ಘಾವಧಿಯ ಚುಚ್ಚುಮದ್ದು 1960ರ ದಶಕದಿಂದಲೂ ನಡೆದುಬಂದಿದೆ. ಅದನ್ನು ಕೊಡುವ ನರ್ಸೇ ತರಬೇತಿ ಪಡೆದು ಇದನ್ನೂ ಕೊಡಬಹುದು, ರಕ್ತಪರೀಕ್ಷೆಯನ್ನೂ ಅಲ್ಲೇ ಮಾಡಿಸಬಹುದು. ಅದಕ್ಕೆ ಬೇಕಾದ ಹಣ ಮತ್ತು ಅನುಮತಿ ಮಾತ್ರ ಇಂದಿಗೂ ಬಹುತೇಕ ಕಡೆ ಎರಡು ಬೇರೆ ವಿಭಾಗಗಳ ಕೈಯಲ್ಲಿವೆ.