ಗಾಯಕ್ಕೆ ತಾರೀಖಿದೆ, ಕಾಯಿಲೆಗೆ?

ಕೆಲಸ ಮಾಡುವಾಗ ಕೈ ಮುರಿದರೆ ಮಾಲೀಕರು ಪರಿಹಾರ ಕೊಡಬೇಕು ಅನ್ನುವುದು ಇವತ್ತು ಯಾರಿಗೂ ವಿಚಿತ್ರವಾಗಿ ಕೇಳಿಸುವುದಿಲ್ಲ. ಆದರೆ ಈ ಹಕ್ಕಿಗೆ ಇನ್ನೂ ನೂರೈವತ್ತು ವರ್ಷ ತುಂಬಿಲ್ಲ. ಅದೂ ಕೈ ಮುರಿದವರಿಗೆ ಬೇಗ ಸಿಕ್ಕಿತು. ಶ್ವಾಸಕೋಶ ಕೆಟ್ಟವರು ತುಂಬಾ ಕಾಯಬೇಕಾಯಿತು, ಈಗಲೂ ಕಾಯುತ್ತಿದ್ದಾರೆ.

1837ರ ಇಂಗ್ಲೆಂಡಿನ ಒಂದು ಕೇಸಿನಿಂದ ಶುರು ಮಾಡೋಣ. ಪ್ರೀಸ್ಟ್ಲಿ ಎಂಬಾತ ಮಾಂಸದ ವ್ಯಾಪಾರಿಯೊಬ್ಬರ ಹತ್ತಿರ ಕೆಲಸಕ್ಕಿದ್ದ. ಮಿತಿಮೀರಿ ಹೇರಿದ್ದ ಗಾಡಿ ಮುರಿದುಬಿದ್ದು ಅವನ ತೊಡೆಮೂಳೆ ಮುರಿಯಿತು. ಜ್ಯೂರಿ 100 ಪೌಂಡ್ ಕೊಡಿಸಿತು. ಮೇಲಿನ ಕೋರ್ಟಿನಲ್ಲಿ ಲಾರ್ಡ್ ಅಬಿಂಜರ್ ಅದನ್ನು ತಳ್ಳಿಹಾಕಿದರು. ಇಂಥದ್ದಕ್ಕೆಲ್ಲ ಮಾಲೀಕರನ್ನು ಹೊಣೆ ಮಾಡುತ್ತಾ ಹೋದರೆ ಕೊನೆಯೇ ಇರುವುದಿಲ್ಲ, ಅಪಾಯ ಅನ್ನಿಸಿದರೆ ಕೆಲಸದವನು ಆಗುವುದಿಲ್ಲ ಅನ್ನಬಹುದಿತ್ತು ಎಂಬುದು ಅವರ ವಾದ. ಹಾಗೆ ಹೇಳಿದ ಮೇಲೂ ಅವನ ಕೆಲಸ ಉಳಿಯುತ್ತಿತ್ತಾ ಅನ್ನುವುದು ಬೇರೆ ಮಾತು.

ಐದು ವರ್ಷದ ನಂತರ ಅಮೆರಿಕದ ಮಸಾಚುಸೆಟ್ಸ್‌ನಲ್ಲಿ ರೈಲು ಎಂಜಿನ್ ಚಾಲಕನೊಬ್ಬನಿಗೂ ಇದೇ ಗತಿಯಾಯಿತು. ಹಳಿ ಬದಲಿಸುವವನ ತಪ್ಪಿನಿಂದ ಚಾಲಕ ಕೈ ಕಳೆದುಕೊಂಡ. ತಪ್ಪು ಸಹೋದ್ಯೋಗಿಯದು, ಕಂಪನಿಯದಲ್ಲ ಎಂದಿತು ಕೋರ್ಟು. ಅಪಾಯದ ಕೆಲಸಕ್ಕೆ ಸಂಬಳ ಜಾಸ್ತಿ ಸಿಗುತ್ತದೆ, ಆ ಅಪಾಯದ ಬೆಲೆ ಅದರಲ್ಲೇ ಸೇರಿದೆ ಎಂದೂ ಹೇಳಿತು. ಗಾಯಾಳುವಿನ ಕಡೆಯಿಂದಲೇ ಸ್ವಲ್ಪ ಅಜಾಗರೂಕತೆ ಇದ್ದರೆ ಅಲ್ಲಿಗೆ ಮುಗಿಯಿತು. ಈ ಮೂರು ವಾದಗಳನ್ನು ದಾಟಿ ಗೆದ್ದವರು ಕಡಿಮೆ.

ದಾರಿ ಬದಲಿಸಿದ್ದು ಜರ್ಮನಿ. 1884ರಲ್ಲಿ ಅಲ್ಲಿನ ಚಾನ್ಸಲರ್ ಬಿಸ್ಮಾರ್ಕ್ ಅಪಘಾತ ವಿಮೆ ಕಾನೂನು ತಂದರು. ಕಾರ್ಮಿಕರ ಮೇಲಿನ ಪ್ರೀತಿಗಿಂತ, ಅವರು ಸಮಾಜವಾದಿಗಳ ಕಡೆ ಹೋಗಬಾರದು ಅನ್ನುವ ಲೆಕ್ಕಾಚಾರ ಅದರಲ್ಲಿ ಜಾಸ್ತಿ ಇತ್ತು. ಆದರೂ ಒಳಗಿನ ಕೊಡುಕೊಳ್ಳುವಿಕೆ ಜಾಣತನದ್ದು. ಯಾರ ತಪ್ಪು ಎಂದು ಸಾಬೀತು ಮಾಡಬೇಕಿಲ್ಲ, ಮಾಲೀಕರೇ ಹಣ ಹಾಕಿದ ನಿಧಿಯಿಂದ ನಿಗದಿತ ಮೊತ್ತ ಸಿಗುತ್ತದೆ. ಅದಕ್ಕೆ ಬದಲಾಗಿ ಕೋರ್ಟಿಗೆ ಹೋಗಿ ಪೂರ್ತಿ ನಷ್ಟ ಕೇಳುವಂತಿಲ್ಲ.

ಬ್ರಿಟನ್ 1897ರಲ್ಲಿ ತನ್ನದೇ ಕಾನೂನು ಮಾಡಿತು. ಅಮೆರಿಕದಲ್ಲಿ ಜಗ್ಗಾಟ ನಡೆಯಿತು. ತಪ್ಪಿಲ್ಲದ ಮಾಲೀಕನಿಂದ ಹಣ ಕೊಡಿಸುವುದು ಸಂವಿಧಾನಕ್ಕೆ ವಿರುದ್ಧ ಎಂದು ನ್ಯೂಯಾರ್ಕ್ ರಾಜ್ಯದ ಉನ್ನತ ಕೋರ್ಟು 1911ರ ಮಾರ್ಚ್ 24ರಂದು ಅಲ್ಲಿನ ಕಾನೂನನ್ನು ರದ್ದು ಮಾಡಿತು. ಮರುದಿನವೇ ನ್ಯೂಯಾರ್ಕ್ ನಗರದ ಟ್ರಯಾಂಗಲ್ ಬಟ್ಟೆ ಕಾರ್ಖಾನೆಗೆ ಬೆಂಕಿ ಬಿದ್ದು 146 ಜನ ಸತ್ತರು. ಆಮೇಲೆ ರಾಜ್ಯ ತನ್ನ ಸಂವಿಧಾನವನ್ನೇ ತಿದ್ದಿಕೊಂಡಿತು. ಕೊನೆಯ ರಾಜ್ಯವಾಗಿ ಮಿಸಿಸಿಪ್ಪಿ ಒಪ್ಪಿಕೊಂಡಾಗ 1948.

ತಪ್ಪಿನ ಪ್ರಶ್ನೆ ಹೋದ ಜಾಗಕ್ಕೆ ನಂಟಿನ ಪ್ರಶ್ನೆ ಬಂತು. ಬ್ರಿಟನ್ನಿನ ಕಾನೂನು ಎರಡು ಷರತ್ತು ಹಾಕಿತು: ಗಾಯ ಕೆಲಸದ ಕಾರಣಕ್ಕೇ ಆಗಿರಬೇಕು, ಕೆಲಸದ ಹೊತ್ತಿನಲ್ಲೇ ಆಗಿರಬೇಕು. ಇದೇ ಮಾತು ಎಷ್ಟೋ ದೇಶಗಳ ಕಾನೂನಿಗೆ ಹೋಯಿತು. ಭಾರತದ 1923ರ ಕಾಯ್ದೆಯಲ್ಲೂ ಇತ್ತು. ಕೆಲಸಕ್ಕೆ ಹೋಗುವ ದಾರಿಯಲ್ಲಿ ಬಿದ್ದರೆ? ಕುಡಿದಿದ್ದರೆ? ಜಗಳದಲ್ಲಿ ಪೆಟ್ಟಾದರೆ? ಇವುಗಳ ಮೇಲೆ ತೀರ್ಪುಗಳ ರಾಶಿಯೇ ಇದೆ. ಆದರೂ ಇವಕ್ಕೆಲ್ಲ ಒಂದು ತಾರೀಖು, ಒಂದು ಜಾಗ, ಕೆಲವೊಮ್ಮೆ ನೋಡಿದವರು ಇರುತ್ತಾರೆ ಅಲ್ವಾ?

ಕಾಯಿಲೆಗೆ ಅದು ಯಾವುದೂ ಇಲ್ಲ. ರೋಗಿಯ ಕಸುಬು ಏನು ಎಂದು ವೈದ್ಯರು ಕೇಳಲೇಬೇಕು ಎಂದು ಇಟಲಿಯ ವೈದ್ಯ ರಮಝೀನಿ ಎಂದೋ ಹೇಳಿದ್ದರು. ಕಸುಬುಗಳ ಕಾಯಿಲೆ ಬಗ್ಗೆ ಅವರು ಪುಸ್ತಕ ಬರೆದಿದ್ದು 1700ರಲ್ಲಿ. ಕಾನೂನಿಗೆ ಈ ಮಾತು ಕೇಳಿಸಲು ಇನ್ನೂರು ವರ್ಷ ಹಿಡಿಯಿತು. 1897ರ ಕಾನೂನಿನಲ್ಲಿದ್ದದ್ದು ಬರೀ 'ಅಪಘಾತ'.

ಇದರಿಂದ ಆದ ಫಜೀತಿ 1905ರ ಎರಡು ಕೇಸುಗಳಲ್ಲಿ ಚೆನ್ನಾಗಿ ಕಾಣುತ್ತದೆ. ಉಣ್ಣೆ ಕೆಲಸದವನೊಬ್ಬನ ಕಣ್ಣಿಗೆ ಆಂಥ್ರಾಕ್ಸ್ ರೋಗಾಣು ತಗುಲಿ ಅವನು ಸತ್ತ. ಉಣ್ಣೆಯಿಂದ ರೋಗಾಣು ಹಾರಿ ಕಣ್ಣಿಗೆ ಬಿದ್ದದ್ದೇ ಅಪಘಾತ ಎಂದು ಒಪ್ಪಿ, ಆಗ ಬ್ರಿಟನ್ನಿನ ಅತ್ಯುನ್ನತ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ ಪರಿಹಾರ ಕೊಡಿಸಿತು. ಅದೇ ವರ್ಷ ಸೀಸದ ವಿಷದಿಂದ ಪಾರ್ಶ್ವವಾಯು ಬಡಿದವನೊಬ್ಬನಿಗೆ ಬೇರೊಂದು ಕೋರ್ಟು ಇಲ್ಲ ಎಂದಿತು. ವಿಷ ಮೆಲ್ಲಗೆ ಏರಿದ್ದರಿಂದ ಅದು ಇಂಥ ದಿನ ಆಯಿತು ಎಂದು ತೋರಿಸಲು ಆಗುವುದಿಲ್ಲವಲ್ಲ! ಇಬ್ಬರನ್ನೂ ಕೆಡಿಸಿದ್ದು ಕೆಲಸವೇ.

1906ರಲ್ಲಿ ಬ್ರಿಟನ್ ಪರಿಹಾರ ಸಿಗುವ ಕಾಯಿಲೆಗಳ ಪಟ್ಟಿ ಮಾಡಿತು. ಆಂಥ್ರಾಕ್ಸ್, ಸೀಸ, ಪಾದರಸ, ರಂಜಕ, ಆರ್ಸೆನಿಕ್‌ನ ವಿಷ, ಗಣಿಯವರನ್ನು ಕಾಡುವ ಕೊಕ್ಕೆಹುಳು: ಒಟ್ಟು ಆರು. 1925ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಒಪ್ಪಂದ ಮೂರನ್ನು ಹೆಸರಿಸಿತು, ಜರ್ಮನಿ ಹನ್ನೊಂದನ್ನು. ಪಟ್ಟಿಯಲ್ಲಿ ನಿಮ್ಮ ಕಾಯಿಲೆಯೂ ಅದಕ್ಕೆ ಹೊಂದುವ ಕೆಲಸವೂ ಇದ್ದರೆ ವಾದ ಸಲೀಸು. ಇಲ್ಲದಿದ್ದರೆ ಸಾಬೀತಿನ ಭಾರ ಪೂರ್ತಿ ನಿಮ್ಮ ಮೇಲೆ. ಪಟ್ಟಿ ಯಾವಾಗಲೂ ಹೆಣಗಳ ಹಿಂದೆಯೇ ಬರುತ್ತದೆ ಅನ್ನುವುದು ನನ್ನ ದೂರು.

ಗಡಿಯಾರದ ಮುಖಕ್ಕೆ ವಿಕಿರಣ ಸೂಸುವ ರೇಡಿಯಂ ಬಣ್ಣ ಬಳಿಯುತ್ತಿದ್ದ ಅಮೆರಿಕದ ನ್ಯೂಜೆರ್ಸಿಯ ಹುಡುಗಿಯರನ್ನೇ ನೋಡಿ. ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡುವುದು ಕೆಲಸದ ರೀತಿಯೇ ಆಗಿತ್ತು. ವರ್ಷಗಳ ನಂತರ ದವಡೆ ಕೊಳೆಯತೊಡಗಿತು. ಅಲ್ಲಿನ ಪಟ್ಟಿಯಲ್ಲಿ ರೇಡಿಯಂ ಇರಲಿಲ್ಲ. ದಾವೆ ಹೂಡಿದಾಗ, ಎರಡು ವರ್ಷದ ಗಡುವು ಮುಗಿದಿದೆ ಎಂದಿತು ಕಂಪನಿ. 1928ರಲ್ಲಿ ರಾಜಿಯಾಯಿತು. ಕಲ್ನಾರಿನದು (ಆಸ್ಬೆಸ್ಟಾಸ್) ಇನ್ನೂ ಕಷ್ಟ. ಧೂಳು ಕುಡಿದ ಇಪ್ಪತ್ತು, ನಲವತ್ತು ವರ್ಷದ ಮೇಲೆ ಕ್ಯಾನ್ಸರ್ ಬರಬಹುದು. ಅಷ್ಟರಲ್ಲಿ ಕಂಪನಿಯೇ ಮುಚ್ಚಿರಬಹುದು. ಹಾಗಾಗಿ ಎಷ್ಟೋ ಕಾನೂನುಗಳು ಈಗ ಗಡುವನ್ನು ಕಾಯಿಲೆ ಗೊತ್ತಾದ ದಿನದಿಂದ ಎಣಿಸುತ್ತವೆ.

ದುಡಿದು ದುಡಿದೇ ಹೃದಯ ನಿಂತರೆ ಅದಕ್ಕೂ ಅಳತೆ ಬೇಕು. ಜಪಾನ್ 2001ರಲ್ಲಿ ಗಂಟೆಯ ಲೆಕ್ಕ ಹಾಕಿತು. ಕಾಯಿಲೆಗೆ ಮುಂಚಿನ ತಿಂಗಳಲ್ಲಿ 100 ಗಂಟೆ, ಅಥವಾ ಎರಡರಿಂದ ಆರು ತಿಂಗಳ ಸರಾಸರಿಯಲ್ಲಿ 80 ಗಂಟೆ ಓವರ್‌ಟೈಮ್ ದಾಟಿದ್ದರೆ ನಂಟು ಬಲವಾಗಿದೆ ಎಂದರ್ಥ. 75 ಗಂಟೆಯವರು ಏನು ಮಾಡಬೇಕು? 2021ರಲ್ಲಿ ನಿಯಮ ಸಡಿಲಿಸಿ, ಗೆರೆಯ ಹತ್ತಿರ ಇದ್ದವರಿಗೆ ಬೇರೆ ಒತ್ತಡಗಳನ್ನೂ ಸೇರಿಸಿ ನೋಡಬೇಕು ಎಂದರು. ಮಾನಸಿಕ ಕಾಯಿಲೆಗಳು ಅಂತರರಾಷ್ಟ್ರೀಯ ಪಟ್ಟಿಗೆ ಸೇರಿದ್ದು 2010ರಲ್ಲಿ.

ಇದೆಲ್ಲ 'ನೌಕರ' ಅನ್ನಿಸಿಕೊಂಡವರ ಮಾತು. ಆ್ಯಪ್ ಹೇಳಿದ ಕಡೆಗೆ ಓಡುವವರನ್ನು ಸ್ವತಂತ್ರ ಗುತ್ತಿಗೆದಾರರು ಎಂದು ಬರೆದುಕೊಂಡ ಕಡೆ, ಅರ್ಜಿ ಮೊದಲ ಬಾಗಿಲಲ್ಲೇ ವಾಪಸ್ ಬರುತ್ತದೆ. ಗಾಯ ಕೆಲಸದ್ದಾ ಎಂದು ಕೇಳುವ ಮುಂಚೆ, ನೀವು ಯಾರ ಕೆಲಸದವರು ಎಂದು ಕೇಳುತ್ತಾರೆ.