ಮುತ್ತಜ್ಜನ ಗುರುತು ಅವನ ಅಕ್ಕನ ಬಳಿ ಇತ್ತು

ಬಾಸ್ಟನ್ ಸಮೀಪ ನೆಲೆಸಿರುವ ಹಾವೇರಿ ಕಡೆಯ ಹೆಣ್ಣುಮಗಳೊಬ್ಬರು ಹೋದ ವರ್ಷ ನನಗೆ ಎರಡು ವಂಶಾವಳಿಗಳನ್ನು ಕಳುಹಿಸಿದರು. ಒಂದು ಅವರ ತವರಿನದು. ಸುಗ್ಗಿಯ ನಂತರ ಮನೆಗೆ ಬಂದ, ವಂಶಾವಳಿ ಹೇಳುವ ಕಸುಬಿನ ಹೆಳವರು ಹೇಳಿದ್ದನ್ನು ಅವರ ತಂದೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದರು. ಹನ್ನೊಂದು ತಲೆಮಾರು, ಯಾರು ಯಾವ ಊರು ಬಿಟ್ಟು ಯಾವ ಊರಿಗೆ ಬಂದರು ಎಂಬುದರ ಸಮೇತ. ಇನ್ನೊಂದು ಅವರ ಅಮೆರಿಕನ್ ಗಂಡನ ಮನೆತನದ್ದು. ಅದು ಮುತ್ತಜ್ಜನ ಹತ್ತಿರ ಬಂದು ನಿಂತುಬಿಟ್ಟಿತ್ತು. ಅವನ ಹೆಸರಿನ ಮುಂದೆ ಇದ್ದದ್ದು ಒಂದೇ ಸಾಲು: ಚಿಕ್ಕವನಿದ್ದಾಗ ಇಂಗ್ಲೆಂಡಿನಿಂದ ಬಂದವನು.

“ಸರ್, ಮಗಳ ಶಾಲೆಯಲ್ಲಿ ಎರಡೂ ಕಡೆಯದನ್ನು ಬರೆದುಕೊಂಡು ಬನ್ನಿ ಎಂದಿದ್ದಾರೆ. ನನ್ನ ಕಡೆಯದಕ್ಕೆ ಹಾಳೆ ಸಾಲುತ್ತಿಲ್ಲ, ಅವರ ಕಡೆಯದು ಖಾಲಿ” ಎಂದರು.

ಪೂರ್ತಿ ಖಾಲಿಯೇನೂ ಆಗಿರಲಿಲ್ಲ. ಅಂತರ್ಜಾಲದಲ್ಲಿ ಯಾರೋ ಆ ಮುತ್ತಜ್ಜನನ್ನು ಯಾರ್ಕ್‌ಷೈರಿನ ಒಂದು ಕುಟುಂಬಕ್ಕೆ ಜೋಡಿಸಿ, ಅಲ್ಲಿಂದ ಆರು ತಲೆಮಾರು ಹಿಂದಕ್ಕೆ ಹೋಗಿದ್ದರು. ಹೆಸರು ಹೊಂದುತ್ತಿತ್ತು, ಹುಟ್ಟಿದ ವರ್ಷ 1868 ಎಂಬುದೂ ಹೊಂದುತ್ತಿತ್ತು. ಇಂಗ್ಲೆಂಡಿನ ಮರಣ ನೋಂದಣಿಯ ಸೂಚಿಯಲ್ಲಿ 1866ರಿಂದ ಸತ್ತವರ ವಯಸ್ಸನ್ನೂ ಮುದ್ರಿಸತೊಡಗಿದರು. ಅದನ್ನು ತೆರೆದು ನೋಡಿದೆ. ಯಾರ್ಕ್‌ಷೈರಿನ ಆ ಮಗು ಮೂರು ವರ್ಷ ತುಂಬುವ ಹೊತ್ತಿಗೆ ತೀರಿಕೊಂಡಿತ್ತು. ಅಮೆರಿಕಕ್ಕೆ ಹೋಗಿ ಮದುವೆಯಾಗಿ ಐದು ಮಕ್ಕಳನ್ನು ಸಾಕಿದವನು ಅವನಲ್ಲ.

ಇಪ್ಪತ್ತು ವರ್ಷಗಳಿಂದ ಇಂಗ್ಲೆಂಡ್ ಮತ್ತು ಅಮೆರಿಕದ ದಾಖಲೆಗಳಲ್ಲಿ ಕುಟುಂಬಗಳ ಜಾಡು ಹುಡುಕುವುದೇ ನನ್ನ ಕಸುಬು. ನನ್ನ ಬಳಿಗೆ ಬರುವ ಸಿಕ್ಕುಗಳಲ್ಲಿ ಹೆಚ್ಚಿನವು ಹೀಗೆಯೇ ಹುಟ್ಟಿಕೊಂಡವು. ಒಂದು ದಂಡೆಯಲ್ಲಿ ಒಂದು ಹೆಸರು, ಇನ್ನೊಂದು ದಂಡೆಯಲ್ಲಿ ಅದೇ ಹೆಸರು, ನಡುವೆ ಸಮುದ್ರ. ಹೆಸರನ್ನಷ್ಟೇ ನಂಬಿ ದಾಟಿದವರು ಬೇರೆಯವರ ಮನೆಗೆ ಹೋಗಿ ಇಳಿಯುತ್ತಾರೆ.

ಇದೇ ತಪ್ಪು ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ನರ ಮನೆತನದ ವಿಷಯದಲ್ಲೂ ನಡೆದಿತ್ತು. ಅದನ್ನು ಸರಿಪಡಿಸಿದ ರೀತಿ ನಮ್ಮ ಕಸುಬಿಗೆ ಸಿಕ್ಕ ದೊಡ್ಡ ಪಾಠವಾದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ವಾಷಿಂಗ್ಟನ್ ಅಧ್ಯಕ್ಷರಾಗಿದ್ದಾಗ ಲಂಡನ್ನಿನಿಂದ ಸರ್ ಐಸಾಕ್ ಹರ್ಡ್ ಎಂಬುವರು ಪತ್ರ ಬರೆದು ಅವರ ಪೂರ್ವಜರ ಬಗ್ಗೆ ಕೇಳಿದರು. ವಂಶಾವಳಿಗಳನ್ನೂ ಲಾಂಛನಗಳನ್ನೂ ನೋಡಿಕೊಳ್ಳುವ ಸಂಸ್ಥೆಯ ಮುಖ್ಯಸ್ಥರು ಅವರು. 1792ರ ಮೇ ತಿಂಗಳಲ್ಲಿ ವಾಷಿಂಗ್ಟನ್ ಉತ್ತರಿಸಿದರು. ಈ ವಿಷಯದ ಕಡೆ ತಾವು ಹೆಚ್ಚು ಗಮನ ಕೊಟ್ಟಿಲ್ಲವೆಂದೂ, ಮನೆತನ ಇಂಗ್ಲೆಂಡಿನ ಉತ್ತರದ ಯಾವುದೋ ಕೌಂಟಿಯಿಂದ, ಬಹುಶಃ ಲ್ಯಾಂಕಷೈರ್ ಅಥವಾ ಯಾರ್ಕ್‌ಷೈರಿನಿಂದ ಬಂದದ್ದೆಂದು ಕೇಳಿದ ನೆನಪೆಂದೂ ಬರೆದರು. ವಲಸೆ ಬಂದ ಜಾನ್ ವಾಷಿಂಗ್ಟನ್ ಅವರ ಸ್ವಂತ ಮುತ್ತಜ್ಜ. ಮರಿಮಗನ ಕಾಲಕ್ಕೇ ಊರು ಮರೆತುಹೋಗಿತ್ತು, ದಿಕ್ಕೂ ತಪ್ಪಿತ್ತು. ಮನೆಯಲ್ಲಿ ಹೇಳಿಕೊಂಡು ಬಂದ ಮಾತನ್ನು ನಾನು ಎಂದೂ ತಳ್ಳಿಹಾಕುವುದಿಲ್ಲ. ಆದರೆ ಅದರ ಮೇಲೆ ಗೋಡೆ ಕಟ್ಟುವುದೂ ಇಲ್ಲ.

ಅಮೆರಿಕದ ವರ್ಜೀನಿಯಾಕ್ಕೆ ಬಂದ ಸಹೋದರರು ಇಬ್ಬರು, ಜಾನ್ ಮತ್ತು ಲಾರೆನ್ಸ್. ನಾರ್ಥಾಂಪ್ಟನ್‌ಷೈರಿನ ಸಲ್‌ಗ್ರೇವ್ ಎಂಬ ಊರಿನ ವಾಷಿಂಗ್ಟನ್ ಮನೆತನದ ಪಟ್ಟಿಯಲ್ಲೂ ಅದೇ ಹೆಸರಿನ ಸಹೋದರರು ಇದ್ದರು. ಹರ್ಡ್ ಇವರೇ ಅವರು ಎಂದು ಊಹಿಸಿದರು. ಅವರಿಗೇ ಪೂರ್ತಿ ಖಾತ್ರಿ ಇರಲಿಲ್ಲ. ಆದರೆ ಊಹೆ ಮುದ್ರಣಗೊಂಡ ಮೇಲೆ ಅನುಮಾನ ಉದುರಿಹೋಗಿ ಊಹೆಯೊಂದೇ ಉಳಿಯಿತು, ಹಲವು ದಶಕ ಜನ ಅದನ್ನೇ ನಂಬಿದರು. 1866ರಲ್ಲಿ ಲಂಡನ್ನಿನಲ್ಲಿ ನೆಲೆಸಿದ್ದ ಅಮೆರಿಕನ್ ಸಂಶೋಧಕ ಜೋಸೆಫ್ ಲೆಮ್ಯುಯೆಲ್ ಚೆಸ್ಟರ್ ಅದನ್ನು ಒಡೆದುಹಾಕಿದರು. ಸಲ್‌ಗ್ರೇವ್ ಪಟ್ಟಿಯ ಜಾನ್ 1623ರಲ್ಲೇ ನೈಟ್ ಪದವಿ ಪಡೆದವನು. ವರ್ಜೀನಿಯಾದ ಜಾನ್ ಎಂದೂ ‘ಸರ್’ ಎನಿಸಿಕೊಂಡವನಲ್ಲ. ಆ ಪಟ್ಟಿಯ ಲಾರೆನ್ಸ್ ಎಸೆಕ್ಸಿನ ಪರ್ಲಿ ಎಂಬ ಹಳ್ಳಿಯಲ್ಲಿ ಪಾದ್ರಿಯಾಗಿದ್ದವನು. ಅಲ್ಲಿಗೆ ದಾರಿ ಮುಚ್ಚಿತು.

ದಾರಿ ಮತ್ತೆ ತೆರೆದದ್ದು 1889ರಲ್ಲಿ. ಮ್ಯಾಸಚೂಸೆಟ್ಸಿನ ಸೇಲಮ್ ಊರಿನ ಹೆನ್ರಿ ವಾಟರ್ಸ್ 1883ರಿಂದ ಲಂಡನ್ನಿನಲ್ಲಿ ಕುಳಿತು ಹಳೆಯ ಉಯಿಲುಗಳನ್ನು ಓದುತ್ತಿದ್ದರು. ಅವರಿಗೆ ಹರ್ಟ್‌ಫರ್ಡ್‌ಷೈರಿನ ಟ್ರಿಂಗ್ ಎಂಬ ಪೇಟೆಯಲ್ಲಿ ಆಂಫಿಲಿಸ್ ವಾಷಿಂಗ್ಟನ್ ಎಂಬ ಹೆಂಗಸು ಸಿಕ್ಕಳು. ಆಕೆ ಸತ್ತ ಮೇಲೆ ಆಸ್ತಿಯ ಅಧಿಕಾರವನ್ನು ಮಗ ಜಾನ್‌ನಿಗೆ ಕೊಟ್ಟ ದಾಖಲೆ ಇತ್ತು. ಅದೇ ಊರಿನ ಆಂಡ್ರ್ಯೂ ನೋಲಿಂಗ್ ಎಂಬವನು 1649-50ರ ಚಳಿಗಾಲದಲ್ಲಿ ಬರೆದ ಉಯಿಲೂ ಸಿಕ್ಕಿತು. ಅದರಲ್ಲಿ ಅವನು ಜಮೀನನ್ನು ಆಂಫಿಲಿಸಳ ಮಗ ಲಾರೆನ್ಸ್‌ನಿಗೆ ಬಿಟ್ಟು, ಆಕೆಯ ಉಳಿದ ಮಕ್ಕಳಾದ ಜಾನ್, ವಿಲಿಯಂ, ಎಲಿಜಬೆತ್, ಮಾರ್ಗರೆಟ್ ಮತ್ತು ಮಾರ್ತಾಳಿಗೆ ತಲಾ 28 ಪೌಂಡ್ ಕೊಟ್ಟಿದ್ದ.

ಮಾರ್ತಾ ಎಂಬ ಹೆಸರಿನ ಹತ್ತಿರ ನಿಲ್ಲಿ. ಜಾನ್, ಲಾರೆನ್ಸ್ ಎಂಬ ಜೋಡಿ ಆ ಮನೆತನದಲ್ಲಿ ತಲೆಮಾರು ತಲೆಮಾರಿಗೂ ಬರುತ್ತದೆ, ಅದರಿಂದ ಏನೂ ಸಿದ್ಧವಾಗುವುದಿಲ್ಲ. ಆದರೆ ವರ್ಜೀನಿಯಾದ ಜಾನ್ 1675ರ ಸೆಪ್ಟೆಂಬರ್ 21ರಂದು ಬರೆದ ಉಯಿಲಿನಲ್ಲಿ ತಂಗಿ ಮಾರ್ತಾಳನ್ನು ನೆನೆದಿದ್ದಾನೆ. ಇಂಗ್ಲೆಂಡಿನಲ್ಲಿರುವ ತನ್ನ ಹಣದಲ್ಲಿ ಹತ್ತು ಪೌಂಡ್, ನಾಲ್ಕು ಸಾವಿರ ಪೌಂಡ್ ತೂಕದ ಹೊಗೆಸೊಪ್ಪು, ಜೊತೆಗೆ ಅವಳು ಈ ದೇಶಕ್ಕೆ ಬಂದ ಪ್ರಯಾಣದ ಸಾಲದ ಮನ್ನಾ. ಒಂದು ದಂಡೆಯಲ್ಲಿ ಅಣ್ಣ, ತಮ್ಮ, ತಂಗಿ. ಇನ್ನೊಂದು ದಂಡೆಯಲ್ಲಿ ಅದೇ ಮೂವರು. ಆಂಫಿಲಿಸಳ ಗಂಡ ಯಾರು? ಪರ್ಲಿಯ ಪಾದ್ರಿ ಲಾರೆನ್ಸ್, ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ನಡೆಯುತ್ತಿದ್ದ 1643ರಲ್ಲಿ ಪಾರ್ಲಿಮೆಂಟಿನ ಕಡೆಯವರು ಹೆಂಡದಂಗಡಿಗಳಲ್ಲಿ ಕಾಲ ಕಳೆಯುತ್ತಾನೆಂಬ ದೂರು ಹೊರಿಸಿ ಚರ್ಚಿನಿಂದ ಹೊರಹಾಕಿದ ರಾಜಪಕ್ಷಪಾತಿ. ಅಂದರೆ ಹರ್ಡ್ ಹಿಡಿದದ್ದು ಸರಿಯಾದ ಮನೆಯನ್ನೇ, ಆದರೆ ಒಂದು ತಲೆಮಾರು ತಪ್ಪಿ. ಅವರು ವಲಸಿಗ ಸಹೋದರರೆಂದು ಭಾವಿಸಿದ್ದು ವಲಸಿಗರ ದೊಡ್ಡಪ್ಪ ಮತ್ತು ತಂದೆಯನ್ನು. ಚೆಸ್ಟರ್ ಈ ಪಾದ್ರಿಯ ಮನೆಯ ಬಾಗಿಲವರೆಗೆ ಹೋಗಿ ಹಿಂದಿರುಗಿದ್ದರು ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ. ಸರಿಯಾದ ಕಾರಣಕ್ಕೆ ಒಬ್ಬನನ್ನು ಪಟ್ಟಿಯಿಂದ ಕೈಬಿಟ್ಟರೂ ಅವನ ಮಕ್ಕಳನ್ನು ನೋಡದೆ ಬಿಡಬಾರದು.

ಜಾನ್‌ನ ದೀಕ್ಷಾಸ್ನಾನದ ದಾಖಲೆ ಸಿಕ್ಕಿಲ್ಲ. ಲಾರೆನ್ಸ್, ಎಲಿಜಬೆತ್, ವಿಲಿಯಂ ಮೂವರದೂ ಟ್ರಿಂಗ್ ಚರ್ಚಿನ ಪುಸ್ತಕದಲ್ಲಿವೆ, ಹಿರಿಯನದು ಮಾತ್ರ ಇಲ್ಲ. ನಮಗೆ ಬೇಕಾದವನ ಬಗ್ಗೆ ಚರ್ಚಿನ ಪುಸ್ತಕ ಬಾಯಿ ಬಿಡದಿದ್ದಾಗ ಅವನ ಒಡಹುಟ್ಟಿದವರು ಮಾತನಾಡುತ್ತಾರೆ.

ಹಳೆಯ ಉಯಿಲು ಓದುವವರು ಎರಡು ಕಡೆ ಎಡವುತ್ತಾರೆ, ಎರಡೂ ಕನ್ನಡಿಗರಿಗೆ ಸುಲಭವಾಗಿ ಅರ್ಥವಾಗಬೇಕು. ನೋಲಿಂಗ್ ಆಂಫಿಲಿಸಳನ್ನು ‘ಡಾಟರ್ ಇನ್ ಲಾ’ ಎಂದು ಕರೆದಿದ್ದಾನೆ. ಇಂದಿನ ಇಂಗ್ಲಿಷ್ ಬಲ್ಲವರು ಸೊಸೆ ಎಂದೇ ಓದುತ್ತಾರೆ. ಆ ಕಾಲದಲ್ಲಿ ಹೆಂಡತಿಯ ಮೊದಲ ಮದುವೆಯ ಮಗಳನ್ನೂ ಹಾಗೆಯೇ ಕರೆಯುತ್ತಿದ್ದರು. ಇಲ್ಲಿ ಆಕೆ ಮಲಮಗಳು. ನಮ್ಮಲ್ಲೂ ಅಳಿಯ ಎಂದರೆ ಮಗಳ ಗಂಡನೂ ಹೌದು, ಅಕ್ಕತಂಗಿಯರ ಮಗನೂ ಹೌದು. ಆಸ್ತಿ ಅಕ್ಕತಂಗಿಯರ ಮಕ್ಕಳಿಗೆ ಹೋಗುವ ಕರಾವಳಿಯ ಅಳಿಯಕಟ್ಟಿನ ಹಳೆಯ ಪತ್ರವೊಂದನ್ನು ಮಗಳ ಗಂಡ ಎಂಬ ಅರ್ಥ ಹಿಡಿದು ಓದಿದರೆ ಇಡೀ ಮನೆತನ ತಲೆಕೆಳಗಾಗುತ್ತದೆ. ಇನ್ನೊಂದು ತಾರೀಖಿನದು. 1752ಕ್ಕೆ ಮೊದಲು ಇಂಗ್ಲೆಂಡಿನಲ್ಲಿ ಕಾನೂನಿನ ಹೊಸ ವರ್ಷ ಹುಟ್ಟುತ್ತಿದ್ದದ್ದು ಮಾರ್ಚ್ 25ಕ್ಕೆ. ಆಂಫಿಲಿಸಳನ್ನು ಮಣ್ಣು ಮಾಡಿದ್ದು ಚರ್ಚಿನ ಪುಸ್ತಕದಲ್ಲಿ 1654ರ ಜನವರಿ ಎಂದಿದೆ, ನಮ್ಮ ಲೆಕ್ಕಕ್ಕೆ ಅದು 1655. ಜಾನ್‌ನಿಗೆ ಅಧಿಕಾರ ಕೊಟ್ಟದ್ದು 1655ರ ಫೆಬ್ರುವರಿ, ನಮ್ಮ ಲೆಕ್ಕಕ್ಕೆ 1656. ಮೊದಲನೆಯದನ್ನು ತಿದ್ದಿ ಎರಡನೆಯದನ್ನು ಹಾಗೆಯೇ ಬಿಟ್ಟರೆ ಹದಿಮೂರು ತಿಂಗಳ ಅಂತರ ಒಂದೇ ತಿಂಗಳಾಗಿಬಿಡುತ್ತದೆ. ಯುಗಾದಿಗೆ ಸಂವತ್ಸರ ಬದಲಿಸುವ ನಮಗೆ ಫೆಬ್ರುವರಿ ಹಳೆಯ ವರ್ಷಕ್ಕೆ ಸೇರುವುದು ಹೊಸತಲ್ಲ.

ಇನ್ನು ಹಾವೇರಿಯವರ ಗಂಡನ ಮುತ್ತಜ್ಜನ ವಿಷಯ. ಹತ್ತೊಂಬತ್ತನೆಯ ಶತಮಾನದ ವಲಸಿಗನಾದ್ದರಿಂದ ಕಾಗದ ಹೇರಳವಾಗಿದೆ ಎಂದುಕೊಳ್ಳುತ್ತೇವೆ. ಆದರೆ ಬ್ರಿಟನ್ನಿನಿಂದ ಹೊರಟ ಹಡಗುಗಳ ಪ್ರಯಾಣಿಕರ ಪಟ್ಟಿ ಉಳಿದಿರುವುದು 1890ರಿಂದ ಈಚಿನದು ಮಾತ್ರ. ಅಮೆರಿಕದ 1890ರ ಜನಗಣತಿಯ ಬಹುಪಾಲು 1921ರ ಬೆಂಕಿಯ ನಂತರ ಕಳೆದುಹೋಯಿತು. ಹಾಗಾಗಿ ನಾನು ಇಂಗ್ಲೆಂಡಿನ ಸೂಚಿಗಳನ್ನು ಮುಚ್ಚಿಟ್ಟು, ಮೊದಲು ಅಮೆರಿಕದ ದಂಡೆಯಲ್ಲೇ ಕುಳಿತೆ.

ಆ ಕುಟುಂಬ ಇದ್ದದ್ದು ಮ್ಯಾಸಚೂಸೆಟ್ಸಿನ ಫಾಲ್ ರಿವರ್‌ನಲ್ಲಿ. ಲ್ಯಾಂಕಷೈರಿನ ನೇಕಾರರು, ನೂಲುವವರು ಗುಂಪು ಗುಂಪಾಗಿ ಬಂದು ಸೇರಿದ ಹತ್ತಿ ಗಿರಣಿಗಳ ಊರು ಅದು. 1880ರ ಜನಗಣತಿಯಲ್ಲಿ ಹುಡುಗ ಮನೆಯ ಯಜಮಾನನ ಮಗ ಎಂದಿದೆ. ಮನೆಯವರ ಪರಸ್ಪರ ಸಂಬಂಧವನ್ನು ಅಮೆರಿಕದ ಜನಗಣತಿಯಲ್ಲಿ ಬರೆಯತೊಡಗಿದ್ದೇ ಆ ವರ್ಷ. ಆದರೆ ಗಣತಿದಾರ ಮಲಮಗನನ್ನು ಮಗ ಎಂದು ಬರೆದುಕೊಂಡು ಹೋದರೆ ತಡೆಯುವವರು ಯಾರು? ಅದೇ ಹಾಳೆಯ ಕೆಳಗೆ, ಪಕ್ಕದ ಮನೆಯಲ್ಲಿ ಬಾಡಿಗೆಗೆ ಇದ್ದ ಹದಿನಾರರ ಹುಡುಗಿಯೊಬ್ಬಳು ಕಣ್ಣಿಗೆ ಬಿದ್ದಳು. ಗಿರಣಿ ಕೆಲಸ, ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಅಡ್ಡಹೆಸರು ಬೇರೆ. ಕುಟುಂಬದ ಫೋಟೊ ಒಂದರ ಹಿಂದೆ ಅವಳ ಮೊದಲ ಹೆಸರನ್ನೇ ನಾನು ನೋಡಿದ್ದೆ.

ಮ್ಯಾಸಚೂಸೆಟ್ಸಿನ ಹಳೆಯ ವಿವಾಹ ನೋಂದಣಿಗಳು ವಧೂವರರ ತಂದೆತಾಯಿಗಳ ಹೆಸರನ್ನೂ ಹೇಳುತ್ತವೆ. ಹುಡುಗಿಯ ಮದುವೆಯ ದಾಖಲೆಯಲ್ಲಿ ತಾಯಿಯ ಹೆಸರು, ತವರಿನ ಅಡ್ಡಹೆಸರು ಎರಡೂ ಮುತ್ತಜ್ಜನ ತಾಯಿಯದೇ. ತಂದೆ ಮಾತ್ರ ಆ ಮನೆಯ ಯಜಮಾನನಲ್ಲ, ಬೇರೆಯವನು. ಅವಳು ಅವನ ಒಡಹುಟ್ಟಿದ ಅಕ್ಕ. ಮಲತಂದೆಯ ಹೆಸರನ್ನು ಅವಳು ಇಟ್ಟುಕೊಳ್ಳಲಿಲ್ಲ, ಚಿಕ್ಕವನಾದ ತಮ್ಮ ಇಟ್ಟುಕೊಂಡ.

ಆ ಮೇಲಿನದು ಅರ್ಧ ಗಂಟೆಯ ಕೆಲಸ. ಇಂಗ್ಲೆಂಡಿನ ಜನನ ನೋಂದಣಿಯ ಹೊಸ ಆನ್‌ಲೈನ್ ಸೂಚಿಯಲ್ಲಿ 1837ರಿಂದಲೂ ತಾಯಿಯ ತವರಿನ ಅಡ್ಡಹೆಸರು ಸಿಗುತ್ತದೆ. ಹಳೆಯ ಮುದ್ರಿತ ಸೂಚಿಯಲ್ಲಿ ಅದು 1911ಕ್ಕೆ ಮೊದಲು ಇರಲಿಲ್ಲ. ಅಕ್ಕನ ಅಡ್ಡಹೆಸರು, ತಾಯಿಯ ತವರಿನ ಹೆಸರು ಎರಡನ್ನೂ ಕೊಟ್ಟು ಹುಡುಕಿದಾಗ ಲ್ಯಾಂಕಷೈರಿನ ಓಲ್ಡಮ್‌ನಲ್ಲಿ ಎರಡೇ ಮಕ್ಕಳು ಬಂದರು, ಒಂದು ಹೆಣ್ಣು, ಒಂದು ಗಂಡು. 1871ರ ಜನಗಣತಿಯಲ್ಲಿ ತಾಯಿ ವಿಧವೆ, ಎರಡು ಮಕ್ಕಳೊಂದಿಗೆ ತನ್ನ ಅಣ್ಣನ ಮನೆಯಲ್ಲಿ.

ಈಗ ಹಾವೇರಿಯವರು ಆ ತಾಯಿಯ ಮೊದಲ ಮದುವೆಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದ್ದಾರೆ. ಅದರಲ್ಲಿ ವಧೂವರರ ತಂದೆಯರ ಹೆಸರು, ಕಸುಬು ಇರುತ್ತವೆ. ತಾಯಂದಿರ ಹೆಸರು ಇರುವುದಿಲ್ಲ, ಇಂಗ್ಲೆಂಡಿನಲ್ಲಿ ಅದನ್ನು ಸೇರಿಸಿದ್ದು 2021ರಲ್ಲಿ. ಪತ್ರ ಕೈಗೆ ಬಂದ ಕೂಡಲೇ ವರನ ತಂದೆಯ ಹೆಸರಿಗೆ ಹೋಗಬೇಡಿ, ಮೊದಲು ಕೆಳಗೆ ಸಾಕ್ಷಿ ಹಾಕಿದ ಇಬ್ಬರು ಯಾರು ಎಂದು ನೋಡಿ ತಿಳಿಸಿ ಎಂದಿದ್ದೇನೆ.